ಉಂಡ ಮನೆ, ಉಣ್ಣದ ಮನೆ

ಮೊಮ್ಮಗಳು ಹೊನ್ನಾವರದಿಂದ ಬಂದವಳು ಸ್ಟೀಲಿನ ಡಬ್ಬಿಯೊಂದನ್ನು ನನ್ನ ಮುಂದೆ ಕುಕ್ಕಿ, ಕಾಲು ತೊಳೆಯಲು ಹಿತ್ತಲಿಗೆ ಹೋಗಿದ್ದಾಳೆ. ಮುಚ್ಚಳ ಬಿಗಿಯಾಗಿದೆ. ಆದರೂ ಒಳಗೇನಿದೆ ಎಂದು ನನಗೆ ಗೊತ್ತು. ಜುಮ್ಮನಕಾಯಿ ಹಾಕಿದ ಬಂಗಡೆ ಸಾರು. ಆ ವಾಸನೆಗೆ ಯಾವ ಮುಚ್ಚಳವೂ ಅಡ್ಡಿಯಲ್ಲ. ಒಣಗಿದ ಕಾಯಿಯನ್ನು ಜಜ್ಜಿ ಸಾರಿಗೆ ಹಾಕಿದರೆ ಮೀನಿನ ಹಸಿ ನಾತ ಹೋಗುತ್ತದೆ, ನಾಲಿಗೆ ಜುಮ್ಮೆಂದು ಮರಗಟ್ಟುತ್ತದೆ. ನೀವು ತಿಂದಿದ್ದರೆ ನಾನು ಹೇಳುವುದು ಬೇಡ. ತಿಂದಿಲ್ಲದಿದ್ದರೆ ಹೇಳಿ ತಿಳಿಸಲು ನನ್ನಿಂದ ಆಗದು.

ನನಗಂತೂ ಆ ವಾಸನೆ ಆಗುವುದಿಲ್ಲ. ನನ್ನ ಮದುವೆ ಆದದ್ದೇ ಅದರಿಂದ.

ನಾನು ಹೊಳನಗದ್ದೆಯವಳು. ಕಡಲಿಗೆ ಹೋದ ಅಪ್ಪ ತಿರುಗಿ ಬರಲಿಲ್ಲ, ಅವ್ವಿಯೂ ಹೆಚ್ಚು ದಿನ ಇರಲಿಲ್ಲ. ಸಾಕಿದವನು ಅವ್ವಿಯ ತಮ್ಮ, ನನ್ನ ಸೋದರಮಾವ. ಎರಡನೇ ಇಯತ್ತೆಗೇ ಶಾಲೆ ಬಿಡಿಸಿದ. ಅವನದು ಒಣಮೀನಿನ ವ್ಯಾಪಾರ, ಬುಟ್ಟಿ ಹೊರಲು ಒಂದು ತಲೆ ಬೇಕಿತ್ತು. ಎಪ್ಪತ್ತರ ಸುಮಾರಿಗೆ ನಾವಿಬ್ಬರೂ ಕುಮಟೆಯಿಂದ ಭಟ್ಕಳದವರೆಗೆ ಬಸ್ಸಿನಲ್ಲಿ ತಿರುಗಿದ್ದೇ ತಿರುಗಿದ್ದು. ಬುಟ್ಟಿ ಬಸ್ಸಿನ ತಲೆಯ ಮೇಲೆ, ನಾವು ಹಿಂದಿನ ಸೀಟಿನಲ್ಲಿ, ಮೂಗು ಮುಚ್ಚಿಕೊಂಡವರೆಲ್ಲ ಮುಂದೆ.

ಮಾವ ಊರುಗಳನ್ನು ಗುರುತು ಇಟ್ಟುಕೊಳ್ಳುತ್ತಿದ್ದುದು ಹೊಟ್ಟೆಯಿಂದ. ಕುಮಟೆ ಎಂದರೆ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನ ಬನ್ಸ್, ಬೇಸಿಗೆಯಾದರೆ ಜಡೆ ಹೆಣೆದು ಮಾರುವ ಕೆಂಪು ಸಿಹಿ ಈರುಳ್ಳಿ. ಅದನ್ನು ಹಸಿಯಾಗಿ ಕಚ್ಚಿಕೊಂಡು ತಣ್ಣನೆ ಗಂಜಿ ಉಂಡರೆ ಬೇರೆ ಪದಾರ್ಥ ಬೇಡ. ಹೊನ್ನಾವರ ಎಂದರೆ ಬೆಳಚು. ಹೊಳೆಯ ಕೆಸರಿನಲ್ಲಿ ಹೆಕ್ಕಿದ ಚಿಪ್ಪು, ಕಾಯಿ ಹಾಕಿ ಸುಕ್ಕ ಮಾಡಿದ್ದು. ಒಂದೊಂದೇ ಚಿಪ್ಪು ಚೀಪುತ್ತ ಕೂತು ನಾವು ಎಷ್ಟೋ ಬಸ್ಸು ತಪ್ಪಿಸಿಕೊಂಡಿದ್ದೇವೆ. ಭಟ್ಕಳದಲ್ಲಿ ನಮ್ಮ ಒಣ ಶೆಟ್ಲಿ, ಅಂದರೆ ಸಿಗಡಿ, ಕೊಳ್ಳುವ ನವಾಯತ ಮುಸ್ಲಿಮರ ಮನೆಯೊಂದಿತ್ತು. ಆ ಮನೆಯಾಕೆ ಒಂದು ದಿನ ಹಿಂದಿನ ಜಗುಲಿಯಲ್ಲಿ ಕೂರಿಸಿ ಶಾವಿಗೆ ಬಿರಿಯಾನಿ ಹಾಕಿಸಿದಳು. ನಮ್ಮಲ್ಲಿ ಶಾವಿಗೆ ಎಂದರೆ ಕಾಯಿಹಾಲು, ಬೆಲ್ಲ. ಇಲ್ಲಿ ಶಾವಿಗೆ ಕೆದಕಿದರೆ ಅಡಿಯಲ್ಲಿ ಕೋಳಿ! ಕೈ ಎತ್ತಿ ಹಿಡಿದು ಹಾಗೇ ಕೂತೆ.

"ಎಂತ ನೋಡ್ತೆ? ಓಡಿ ಹೋಗುದಿಲ್ಲ ಅದು, ತಿನ್ನು," ಎಂದಳು ಆಕೆ.

ತಿಂದೆ. ಅಷ್ಟು ತಿಂದು ಬುಟ್ಟಿ ಹೊತ್ತು ನಡೆಯಲು ಆಗದೆ ಮಾವನಿಂದ ಬೈಸಿಕೊಂಡೆ. ಹೊಟ್ಟೆಬಾಕತನದಲ್ಲಿ ನಾನು ಮಾವನಿಗೆ ಕಡಿಮೆಯವಳೇನಲ್ಲ. ಅದನ್ನು ಅವನು ಚೆನ್ನಾಗಿ ತಿಳಿದಿದ್ದ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಹೋದಾಗ ನೀರು, ಬೆಲ್ಲ ಮುಟ್ಟಬಹುದು. ಎಲೆಯಡಿಕೆ ಹಾಕಬಹುದು. ಅನ್ನ ಮಾತ್ರ ಮುಟ್ಟಬಾರದು. ಅನ್ನ ಉಂಡರೆ ಸಂಬಂಧ ಒಪ್ಪಿದ ಹಾಗೆ, ಆಮೇಲೆ ಬೇಡ ಎನ್ನುವಂತಿಲ್ಲ.

ಒಂದು ಮಧ್ಯಾಹ್ನ ಮಾವ ನನ್ನನ್ನು ಭಟ್ಕಳದ ಹತ್ತಿರದ ಈ ಮುಟ್ಟಳ್ಳಿಗೆ ಕರೆದುಕೊಂಡು ಬಂದ. ಹೊಸ ಗಿರಾಕಿ ಎಂದ. ಬೆಳಿಗ್ಗೆಯಿಂದ ನನಗೆ ಒಂದು ಲೋಟ ಚಾ ಕೂಡ ಕೊಡಿಸಿರಲಿಲ್ಲ. ಆ ಮನೆಯವರು ಬಾಳೆಎಲೆ ಹಾಕಿ ಬಿಸಿ ಅನ್ನ, ಜುಮ್ಮನಕಾಯಿ ಹಾಕಿದ ಬಂಗಡೆ ಸಾರು ಬಡಿಸಿದರು. ನಡು ತುಂಡು, ಒಳಗೆ ಮೊಟ್ಟೆ. ಮುಖ ಎತ್ತದೆ ಉಂಡೆ.

"ಇನ್ನೊಂದು ಹಾಕ್ಲಾ, ತಂಗಿ?" ಎಂದಳು ಬಡಿಸುವ ಮುದುಕಿ.

"ಹಾಕಿ. ಅನ್ನನೂ ಹಾಕಿ," ಎಂದೆ.

ಒಳಗೆ ಯಾರೋ ಹೆಂಗಸರು ನಕ್ಕರು. ಬಾಗಿಲ ಸಂದಿಯಲ್ಲಿ ಒಬ್ಬ ಗಂಡಸು ನಿಂತು ನೋಡಿ ಹೋದ. ಇಷ್ಟು ತಿನ್ನುತ್ತಾಳಲ್ಲ ಎಂದು ನೋಡಿದನೇನೋ ಅಂದುಕೊಂಡೆ.

ತಿರುಗಿ ಹೋಗುವಾಗ ಬಸ್ಸಿನಲ್ಲಿ ಮಾವ ಕೇಳಿದ, "ಮನೆ ಹೆಂಗದೆ?"

"ಸಾರು ಲಾಯ್ಕಿತ್ತು."

"ಹಂಗಾರೆ ಆತು. ಇನ್ನು ದಿನಾ ಅದೇ ಸಾರು ಉಣ್ಣು."

"ಎಂತ?"

"ಎಂತ ಎಂತ? ಅನ್ನ ಉಂಡಾತಲ್ಲ. ಅದೂ ಕೇಳಿ ಹಾಕ್ಸ್ಕಂಡು ಉಂಡೆ. ಇನ್ನು ನಾ ಯಾವ ಬಾಯಲ್ಲಿ ಬ್ಯಾಡ ಅನ್ಲಿ?"

"ನೀ ಮೊದ್ಲೇ ಹೇಳಿದ್ರೆ ನಾ ಉಣ್ತಿರ್ಲಿಲ್ಲ."

"ಅದಕ್ಕೇ ಹೇಳ್ಲಿಲ್ಲ," ಎಂದು ಮಾವ ಕಿಟಕಿಯ ಆಚೆ ಉಗುಳಿದ.

ಮದುವೆಯಾಗಿ ಬಂದ ಮೇಲೆ ತಿಳಿಯಿತು, ಈ ಮನೆಯಲ್ಲಿ ಮೀನಿನ ನಡು ತುಂಡು ಗಂಡಸರಿಗೆ ಮತ್ತು ನೆಂಟರಿಗೆ, ತಲೆ ಬಾಲ ಹೆಂಗಸರಿಗೆ. ನಾನು ನೆಂಟರ ಲೆಕ್ಕದಲ್ಲಿದ್ದದ್ದು ಒಂದೇ ಒಂದು ದಿನ. ಗಂಡ ಹೊಡೆಯುವವನಲ್ಲ, ಮಾತಾಡುವವನೂ ಅಲ್ಲ. ನನಗಿಂತ ಬಹಳ ದೊಡ್ಡವನು. ಯಾವುದಕ್ಕಾದರೂ ನಾನು ಗೊಣಗಿದರೆ ಅತ್ತೆ, ಅಂದರೆ ಅದೇ ಬಡಿಸಿದ ಮುದುಕಿ, "ಕೇಳಿ ಕೇಳಿ ಉಂಡು ಬಂದವ್ಳಲ್ಲ ನೀನು!" ಎನ್ನುತ್ತಿದ್ದಳು. ಸಾಯುವವರೆಗೂ ಅಂದಳು.

ಮಗಳು ಮಾದೇವಿ ಬೆಳೆದಳು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಭಟ್ಕಳಕ್ಕೆ ಹೊಲಿಗೆ ಕಲಿಯಲು ಹೋಗುತ್ತಿದ್ದಳು, ಕೈ ಚುರುಕು. ಆಗ ಹೊನ್ನಾವರದ ಸಂಬಂಧ ಬಂತು. ಗಂಡ, ಅವನ ಅಣ್ಣ, ನಾನು ಮನೆ ನೋಡಲು ಹೊರಟೆವು. ಮಾದೇವಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಅವ್ವಿ, ಅಲ್ಲಿ ಉಣ್ಬ್ಯಾಡ. ನಂಗೆ ಹೊಲಿಗೆ ಕಲ್ತು ಅಂಗಡಿ ಇಡ್ಬೇಕು. ಉಣ್ಣುದಿಲ್ಲ ಅನ್ನು."

"ಉಣ್ಣುದಿಲ್ಲ," ಎಂದೆ.

ಹೊನ್ನಾವರದವರು ಬಡಿಸಿದ್ದು ಬೆಳಚಿನ ಸುಕ್ಕ. ನನ್ನ ಪ್ರಾಣ ಅದು. ಕೈ ಮಡಿಲಲ್ಲಿಟ್ಟು ಕೂತೆ.

"ಎಂತ ಅಕ್ಕ, ನಮ್ಮನೆ ಅನ್ನ ಸೇರುದಿಲ್ವಾ?" ಎಂದಳು ಹುಡುಗನ ತಾಯಿ.

"ಹಸಿವಿಲ್ಲ," ಎಂದೆ. ಆಗಲೇ ನನ್ನ ಹೊಟ್ಟೆ ಗುರ್ ಎಂದಿತು, ಕೂತವರಿಗೆಲ್ಲ ಕೇಳಿಸಿತು. ನಾನು ನೀರು ಕುಡಿದೆ.

ಗಂಡ ಅನ್ನಕ್ಕೆ ಕೈ ಹಾಕಿದ. ನಾನು ಅವನ ಪಂಚೆಯ ತುದಿ ಜಗ್ಗಿ, "ಏಳಿ, ಹುಡ್ಗಿಗೆ ಮನ್ಸಿಲ್ಲ," ಎಂದು ಪಿಸುಗುಟ್ಟಿದೆ. ಅವನು ಪಂಚೆ ಬಿಡಿಸಿಕೊಂಡು ಇನ್ನಷ್ಟು ಸುಕ್ಕ ಹಾಕಿಸಿಕೊಂಡ.

ಬಸ್ ಸ್ಟ್ಯಾಂಡಿನಲ್ಲಿ ಹೇಳಿದೆ, "ನಾ ಉಣ್ಣಲಿಲ್ಲ. ಈ ಸಂಬಂಧ ಇಲ್ಲ."

ಮಾತಾಡದ ಗಂಡ ಅವತ್ತು ಮಾತಾಡಿದ. "ನೀ ಉಂಡ್ರೆಂತ, ಬಿಟ್ರೆಂತ? ಗಂಡಸ್ರು ಉಂಡಾತು."

ನಾನು ಉಂಡದ್ದು ಲೆಕ್ಕಕ್ಕೆ ಬಂದಿತ್ತು. ಉಣ್ಣದೆ ಕೂತದ್ದು ಬರಲಿಲ್ಲ.

ಮನೆಗೆ ಬಂದಾಗ ಮಾದೇವಿ ಕೇಳಿದಳು, "ಉಂಡ್ಯಾ?"

"ಇಲ್ಲ."

"ಮತ್ತೆ?"

"ಅಪ್ಪ ಉಂಡ."

ಅವಳು ಅಳಲಿಲ್ಲ. ಹೊಲಿಯುತ್ತಿದ್ದ ಪೋಲ್ಕವನ್ನು ಸೂಜಿ ಸಮೇತ ಮಡಚಿ ಟ್ರಂಕಿನಲ್ಲಿಟ್ಟಳು. ಅಂಗಡಿಯ ಮಾತು ಮತ್ತೆ ಎತ್ತಲಿಲ್ಲ.

ಅಂದಿನಿಂದ ಹೊನ್ನಾವರದ ಆ ಮನೆಯಲ್ಲಿ ನಾನು ನೀರು ಬೆಲ್ಲ ಬಿಟ್ಟು ಏನನ್ನೂ ಮುಟ್ಟಿಲ್ಲ. ಮೊಮ್ಮಗಳ ತೊಟ್ಟಿಲು ಶಾಸ್ತ್ರಕ್ಕೂ ಖಾಲಿ ಹೊಟ್ಟೆಯಲ್ಲಿ ಹೋಗಿ ಖಾಲಿ ಹೊಟ್ಟೆಯಲ್ಲಿ ಬಂದೆ. ನನ್ನ ಹಟ ಅವರನ್ನು ಚುಚ್ಚಲಿ ಎಂದಿತ್ತು. ಗಂಡ ಸತ್ತ. ಮಾದೇವಿಯ ಅತ್ತೆ ಮಾವ ಸತ್ತರು. ಯಾಕೆ ಉಣ್ಣುವುದಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ನನಗೆ ಏನೋ ಪಥ್ಯ ಅಂದುಕೊಂಡರಂತೆ.

ಮೊಮ್ಮಗಳು ಹಿತ್ತಲಿನಿಂದ ಬಂದಳು. "ಎಂತ ಅಜ್ಜಿ, ಇನ್ನೂ ತೆಗ್ದಿಲ್ವಾ?"

"ನಿಮ್ಮನೆದು ನಾ ಉಣ್ಣುದಿಲ್ಲ. ಗೊತ್ತಿಲ್ವಾ ನಿಂಗೆ?"

"ಗೊತ್ತು. ಅಮ್ಮ ಒಂದು ಮಾತು ಹೇಳಿ ಕಳ್ಸಿದ್ದಾಳೆ. ಸಿಟ್ಟು ಮಾಡ್ಬ್ಯಾಡ."

"ಹೇಳು."

"ನಿನ್ನ ಉಪವಾಸ ಆ ಮನೇಲಿ ಯಾರಿಗೂ ತಾಗ್ಲಿಲ್ವಂತೆ. ಪ್ರತಿ ಸಲ ನಿಂಗೆ ಅಂತ ಬಡಿಸಿದ್ದನ್ನ ತಿರುಗಿ ಪಾತ್ರೆಗೆ ಹಾಕಿದ್ದು ಅಮ್ಮ ಒಬ್ಳೇ ಅಂತೆ."

ಹುಡುಗಿ ಹೇಳಿ ಮುಗಿಸಿ ಮೊಬೈಲು ನೋಡುತ್ತ ಕೂತಳು.

ಮುಚ್ಚಳ ತೆಗೆದೆ. ತಲೆ ಇಲ್ಲ, ಬಾಲ ಇಲ್ಲ. ಎಲ್ಲ ನಡು ತುಂಡು. ಸಾರು ತಣ್ಣಗಾಗಿತ್ತು. ಬೆಳಗಿನ ಅನ್ನ ಹಾಕಿಕೊಂಡು ಅದರಲ್ಲೇ ಕಲಸಿ ಉಂಡೆ. ನಾಲಿಗೆ ಜುಮ್ಮೆಂದಿತು. ಡಬ್ಬಿ ಖಾಲಿಯಾಯಿತು, ತೊಳೆದು ಕೊಟ್ಟೆ.

ಹೊರಡುವಾಗ ಮೊಮ್ಮಗಳು ಕೇಳಿದಳು, "ಅಮ್ಮಂಗೆ ಎಂತ ಹೇಳ್ಲಿ?"

ಉಪ್ಪು ಸರಿಯಾಗಿಯೇ ಇತ್ತು.

"ಉಪ್ಪು ಜಾಸ್ತಿ ಆತು ಅಂತ ಹೇಳು," ಎಂದೆ.