ಮರಳ ಮೇಲೆ ಜ್ವರಕ್ಕೆ ಕೂತಿತ್ತು

ಎಮ್ಮೆ ಗಾತ್ರದ ಜೀವವೊಂದು ಸಮುದ್ರದ ದಡದಲ್ಲಿ ಬಿದ್ದಿತ್ತು. ಚರ್ಮ ಹಳೇ ಗೋಡೆಯ ಸುಣ್ಣದ ಹಾಗೆ ಚಕ್ಕೆಚಕ್ಕೆಯಾಗಿ ಏಳುತ್ತಿತ್ತು. ಕುತ್ತಿಗೆಯಲ್ಲಿ ಬಿಳಿ ಗೀರು, ಕಣ್ಣಲ್ಲಿ ನೀರು. ನ್ಯೂಜಿಲೆಂಡಿನ ತುದಿಯ ಈ ಊರಿಗೆ ಬಂದು ನನಗಿನ್ನೂ ಮೂರು ತಿಂಗಳು. ಸೀಲ್ ಎಂಬ ಪ್ರಾಣಿಯನ್ನು ಕಂಡದ್ದು ಅದೇ ಮೊದಲು. ಅಯ್ಯೋ ಪಾಪ, ಸಾಯುತ್ತಿದೆ ಅಂದುಕೊಂಡೆ.

ಮಾಗಡಿ ಸೀಮೆಯ ಕಲ್ಯದವಳು ನಾನು. ರೇಷ್ಮೆಗೆ ಒಳ್ಳೇ ಬೆಲೆ ಬಂದ ಆ ಕಾಲದಲ್ಲಿ ನಮ್ಮ ನಡುಮನೆ ಹುಳುಗಳಿಗೆ, ಜಗಲಿ ನಮಗೆ. ಇಲ್ಲಿ ಡೈರಿಯಲ್ಲಿ ದುಡಿಯುವ ಗಂಡ ಮತ್ತು ನಾನು, ಇಬ್ಬರಿಗೆ ನಾಲ್ಕು ಕೋಣೆ. ರಾಗಿ ಸಿಗದೆ ಗೋಧಿಹಿಟ್ಟನ್ನೇ ಮುದ್ದೆ ತಿರುವಿ, ಉಣ್ಣುತ್ತಾ ಅತ್ತದ್ದೂ ಉಂಟು. ಮಾತಿಗೆ ಜನವಿಲ್ಲದೆ ದಿನಾ ದಡಕ್ಕೆ ಹೋಗುತ್ತಿದ್ದೆ.

ಬೇಸಿಗೆಯಲ್ಲಿ ನಡುಮನೆಯ ಕಿಟಕಿಗೆ ಒದ್ದೆ ಗೋಣಿ ಕಟ್ಟಿ ಹುಳುಗಳಿಗೆ ತಂಪು ಮಾಡಿದ ಕೈ ಸುಮ್ಮನಿದ್ದೀತೇ? ಶಾಲನ್ನು ಸಮುದ್ರದಲ್ಲಿ ಅದ್ದಿ ತಂದು ಅದರ ಬೆನ್ನಿಗೆ ಹೊದಿಸಿದೆ. ಅದು ಅಬ್ಬರಿಸಿ, ಮೈ ಎಳೆದುಕೊಂಡು ನೀರಿಗೆ ಹೋಯಿತು. ಪ್ರಾಣ ಉಳಿಸಿದೆನೆಂದು ಬೀಗುತ್ತಾ ಪಕ್ಕದ ಮನೆಯ ಮೆರೆ ಎಂಬ ಅಜ್ಜಿಗೆ ಹೇಳಿದೆ.

ಅಜ್ಜಿಯ ಮುಖ ಸಪ್ಪಗಾಯಿತು. ಅದು ‘ಇಹುಪುಕು’ ಅಂತೆ, ಆನೆ ಸೀಲಿಗೆ ಇಲ್ಲಿಯ ಮೂಲನಿವಾಸಿ ಮಾವೊರಿ ಜನ ಇಟ್ಟ ಹೆಸರು. ಈ ದಡಕ್ಕೆ ಅದು ಬಲು ಅಪರೂಪ. ವರ್ಷಕ್ಕೊಮ್ಮೆ ಚರ್ಮ ಕಳಚಲು ಬಂದು ವಾರಗಟ್ಟಲೆ ಉಪವಾಸ ಮಲಗುತ್ತದೆ, ಆಗ ತಣ್ಣೀರು ಅದಕ್ಕೆ ಆಗುವುದಿಲ್ಲ. ಇಪ್ಪತ್ತು ಮೀಟರ್ ದೂರ ನಿಲ್ಲಬೇಕು, ಅದಕ್ಕೂ ಕಡಲಿಗೂ ನಡುವೆ ಹೋಗಬಾರದು. ಇಷ್ಟು ಹೇಳಿದರೇ ಹೊರತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಏಕೆಂದರೆ ಇದು ನನಗೆ ಗೊತ್ತಿದ್ದ ಪಾಠ. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ರೇಷ್ಮೆಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಅದನ್ನೇ ಜ್ವರ ಅನ್ನುತ್ತೇವೆ. ಆಗ ಸೊಪ್ಪು ಹಾಕುವುದಿಲ್ಲ, ಮುಟ್ಟುವುದಿಲ್ಲ, ತೇವವಿರದಂತೆ ಸುಣ್ಣದ ಪುಡಿ ಉದುರಿಸುತ್ತೇವೆ. ಬೆರಳುದ್ದದ ಹುಳುವಿಗೆ ಕೊಟ್ಟ ಮರ್ಯಾದೆಯನ್ನು ನನ್ನ ಹಾಳು ಬುದ್ಧಿ ಆ ಜೀವಕ್ಕೆ ಕೊಡಲಿಲ್ಲ.

ಹದಿನೈದು ದಿನ ದಡ ಸುತ್ತಿದೆ. ಅದು ಮತ್ತೆ ಬರಲಿಲ್ಲ. ಬೇರೆಲ್ಲೋ ದಡ ಹತ್ತಿರಬಹುದು ಎಂದರು ಅಜ್ಜಿ, ನನ್ನ ಮುಖ ನೋಡದೆ.

ಎರಡು ವರ್ಷದ ಮೇಲೆ ಊರಿಗೆ ಹೋದೆ. ಬಸ್ಸಿಳಿದವಳೇ ನಡುಮನೆಗೆ ನುಗ್ಗಿದರೆ ಅವ್ವ ಬಾಗಿಲಿಗೆ ಕೈ ಅಡ್ಡ ಹಿಡಿದಳು.

"ಒಳಿಕ್ಕೆ ಬರಬ್ಯಾಡ ಕಣವ್ವ. ನಾಕನೇ ಜ್ವರಕ್ಕೆ ಕುಂತವೆ. ನೀನು ಎಲ್ಲೆಲ್ಲೋ ತಿರುಗಿ ಬಂದಿದ್ದೀಯ."

ಹೊಸಿಲಾಚೆ ನಿಂತೇ ಸೀಲಿನ ಕತೆಯನ್ನೆಲ್ಲ ಹೇಳಿದೆ.

"ತಿರ್ಗ ಬಂತಾ ಅದು?" ಎಂದಳು.

"ಬಂತವ್ವ," ಅಂದೆ.

"ಸದ್ಯ. ಹಂಗಾರೆ ನಿನ್ ತಪ್ಪೇನಿಲ್ಲ ಬುಡು," ಎಂದು ಬಾಗಿಲೆಳೆದುಕೊಂಡಳು.

ಈಗ ಪ್ರತಿ ಬೇಸಿಗೆಯಲ್ಲೂ ಇಲ್ಲಿಯ ದಡದಲ್ಲಿ ಇಪ್ಪತ್ತು ಮೀಟರ್ ದೂರ ನಿಂತು, ಸೀಲ್ ನೋಡಲು ಬಂದವರು ಹತ್ತಿರ ಹೋಗದಂತೆ ತಡೆಯುತ್ತೇನೆ. ಅಲ್ಲಿ ಹೊಸಿಲಾಚೆ, ಇಲ್ಲೂ ಆಚೆಯೇ. ಯಾವ ಸೀಲ್ ಬಂದರೂ ಮೊದಲು ಕುತ್ತಿಗೆ ನೋಡುತ್ತೇನೆ. ಬಿಳಿ ಗೀರು ಕಂಡರೆ ಅವ್ವನಿಗೆ ಹೇಳಿದ್ದು ಸುಳ್ಳಾಗಿ ಉಳಿಯುವುದಿಲ್ಲ.