ಅಳತೆ ಹೇಳದ ಪಾವಾಯಕ್ಕ

ಬೆಳಗಿನ ಐದೂಮುಕ್ಕಾಲು. ನಾಮಕ್ಕಲ್ ಊರಾಚೆಯ ಈ ಹಾಸ್ಟೆಲ್ ಶಾಲೆಯ ಊಟದ ಹಾಲ್‌ನ ಜಗಲಿಯಲ್ಲಿ ಪಾವಾಯಕ್ಕ ಹೊಲಿಗೆ ಮಿಷನ್ನಿನ ಮುಂದೆ ಕೂತು ಬ್ಲೇಡಿನ ತುದಿಯಿಂದ ಚೂಡಿದಾರದ ಪಕ್ಕದ ಹೊಲಿಗೆ ಬಿಚ್ಚುತ್ತಿದ್ದಾರೆ. ಮುಂಜಾನೆಯ ಓದು ಮುಗಿದು ಸ್ನಾನದ ಗಂಟೆ ಹೊಡೆಯುವುದರೊಳಗೆ ಸಿಗುವುದು ಇಪ್ಪತ್ತೇ ನಿಮಿಷ. ಹುಡುಗಿಯರು ಬಟ್ಟೆ ಹಿಡಿದು ಸಾಲಾಗಿ ನಿಂತಿದ್ದಾರೆ.

“ಅಕ್ಕಾ, ಇದನ್ನ ಹಾಕ್ಕೊಂಡ್ರೆ ಉಸಿರಾಡೋಕೂ ಆಗಲ್ಲ. ಸ್ವಲ್ಪ ಬಿಚ್ಚಿಕೊಡಿ.”

“ದೀಪಾವಳಿಗೇ ಬಿಚ್ಚಿದ್ನಲ್ಲ ಕಣ್ಣು! ಇನ್ನು ಒಳಗೆ ಬಟ್ಟೆ ಎಲ್ಲಿದೆ? ನನ್ನ ಸೆರಗು ಕತ್ತರಿಸಿ ಹಚ್ಚಲಾ?”

ಸಾಲು ಗೊಳ್ಳೆಂದು ನಗುತ್ತದೆ. ಕೇಳಿದವಳೂ ನಗುತ್ತಾಳೆ. ಮುದ್ದಿನಿಂದ ‘ಕಣ್ಣು’ ಅನ್ನದೆ ಪಾವಾಯಕ್ಕನಿಗೆ ಮಾತೇ ಹೊರಡುವುದಿಲ್ಲ.

ಅವರ ಕುತ್ತಿಗೆಯಲ್ಲಿ ಟೇಪು ಇರುವುದಿಲ್ಲ. ಟೇಪಿಲ್ಲದ ಟೈಲರ್! ಬಿಳಿ ದಾರವನ್ನು ಹುಡುಗಿಯ ಸೊಂಟಕ್ಕೆ ಸುತ್ತಿ, ಮುಟ್ಟಿದ ಕಡೆ ಒಂದು ಗಂಟು ಹಾಕುತ್ತಾರೆ. ತುದಿಗೆ ಹೆಸರಿನ ಚೀಟಿ. ಬಾಯಿಂದ ಒಂದು ಅಂಕಿಯೂ ಬೀಳುವುದಿಲ್ಲ.

ಪಾವಾಯಕ್ಕನಿಗೀಗ ಐವತ್ತಮೂರು. ಗಂಡ ಲಾರಿ ಓಡಿಸುತ್ತಿದ್ದವರು, ಅಪಘಾತದಲ್ಲಿ ಬೆನ್ನು ಮುರಿದು ಹಾಸಿಗೆ ಹಿಡಿದಾಗ ಇವರು ಈ ಜಗಲಿ ಹಿಡಿದರು. ಹದಿನಾಲ್ಕು ವರ್ಷವಾಯಿತು. ದಿನಕ್ಕೆ ಇಪ್ಪತ್ತು ಬಟ್ಟೆ ಬಂದರೆ ಅದರಲ್ಲಿ ಹದಿನಾರು ಸಡಿಲ ಮಾಡುವಂಥವು.

“ಜೂನ್‌ನಲ್ಲಿ ಹೊಲಿಯುವಾಗ ಎತ್ತರ ಬೆಳೀತಾರೆ ಅಂತ ಕೆಳಗೆ ಮಡಚಿರ್ತೀನಿ. ಆ ಮಡಿಕೆ ಹಾಗೇ ಇರುತ್ತೆ. ಪಕ್ಕದ ಹೊಲಿಗೆಯೊಳಗೆ ಬಿಟ್ಟ ಬಟ್ಟೆ ಪೊಂಗಲ್‌ಗೆ ಮುಗಿದೇಹೋಗುತ್ತೆ,” ಎನ್ನುತ್ತಾರೆ.

ಮುಗಿಯದೆ ಇನ್ನೇನು? ನಾಲ್ಕೂವರೆಗೆ ಎಬ್ಬಿಸಿ ಓದಲು ಕೂರಿಸಿದರೆ ಏಳಲು ಬಿಡುವುದು ರಾತ್ರಿ ಹತ್ತಕ್ಕೆ. ಆಟದ ಪೀರಿಯಡ್ ಎಂದೋ ಫಿಸಿಕ್ಸ್ ಪಾಲಾಗಿದೆ, ಮೊನ್ನೆ ಮೊನ್ನೆಯವರೆಗೂ ಮೈದಾನದ ಗೇಟಿಗೆ ಬೀಗ. ನಿದ್ದೆ ಸಾಲದ ಮಕ್ಕಳು ಕಣ್ಣು ತೆರೆದಿಡಲು ಏನಾದರೂ ಬಾಯಾಡಿಸುತ್ತಲೇ ಇರುತ್ತವೆ. ಭಾನುವಾರ ಬೇವಿನ ಮರದಡಿ ಹೆತ್ತವರ ಕಾರುಗಳು ಸಾಲುಗಟ್ಟುತ್ತವೆ: ಬಿರಿಯಾನಿ, ಖಾರವಾಗಿ ಹುರಿದ ಪಳ್ಳಿಪಾಳಯಂ ಕೋಳಿ, ವಾರಕ್ಕಾಗುವಷ್ಟು ಚಕ್ಕುಲಿಯಂಥ ಮುರುಕು. ಮಗು ದುಂಡಗಾದರೆ ಹಾಸ್ಟೆಲ್ ಊಟ ಒಗ್ಗಿತೆಂದು ಅಪ್ಪ ಅಮ್ಮನಿಗೆ ಹಿಗ್ಗು. ಬೇರೆಯವರನ್ನೇಕೆ ಅನ್ನಲಿ, ಈ ಊರಿಗೆ ಬಂದು ನೆಲೆಸಿದ ನಾನೂ ಮೂರು ವರ್ಷ ನನ್ನ ಮಗಳಿಗೆ ಇದೇ ಕ್ಯಾರಿಯರ್ ಹೊತ್ತಿದ್ದೇನೆ. ನಾಚಿಕೆಯಾಗುತ್ತದೆ.

“ಮಕ್ಕಳನ್ನ ನೋಡೋಕೆ ಡಾಕ್ಟರು ಬಂದು ಕಮ್ಮಿ ತಿನ್ನಿ ಅಂತ ಹೇಳಿ ಹೋದ್ರು. ತಿನ್ನೋದು ಕಮ್ಮಿ ಮಾಡಬಹುದು ಸ್ವಾಮಿ, ಕೂತಲ್ಲಿಂದ ಏಳೋಕೆ ಬಿಡ್ತಾರಾ ಆ ಮಕ್ಕಳನ್ನ?” ಪಾವಾಯಕ್ಕನ ದನಿ ಏರುತ್ತದೆ.

ಟೇಪು ಬಿಟ್ಟದ್ದರ ಕಥೆ ಹೇಳುವಾಗ ಮಾತ್ರ ಆ ದನಿ ಇಳಿಯುತ್ತದೆ. ಹೋದ ಜೂನ್‌ವರೆಗೂ ಅವರು ಅಳತೆ ಕೂಗಿ ಹೇಳುವುದು, ವಾರ್ಡನ್ ಬರೆದುಕೊಳ್ಳುವುದು ರೂಢಿ. ಹನ್ನೊಂದನೇ ಕ್ಲಾಸಿಗೆ ಸೇರಿದ ಇಲಕ್ಕಿಯಾಳ ಸರದಿ ಬಂದಾಗಲೂ ಎಂದಿನಂತೆ ಕೂಗಿದರು: “ಸೊಂಟ ಮೂವತ್ತೆಂಟು!” ಸಂಜೆಗೆ ಅದೇ ಅವಳ ಹೆಸರಾಯಿತು. ‘ಮೂವತ್ತೆಂಟು ಬಂತು, ಬೆಂಚು ಜೋಪಾನ!’ ಹುಡುಗಿ ಊಟದ ಹಾಲ್‌ಗೆ ಬರುವುದನ್ನೇ ಬಿಟ್ಟಳು. ಹಗಲೆಲ್ಲ ಉಪವಾಸ, ಆಮೇಲೆ ಮಂಚದ ಮರೆಯಲ್ಲಿ ಡಬ್ಬಿಗಟ್ಟಲೆ ಮುರುಕು. ಒಂದು ದಿನ ಪ್ರಾರ್ಥನೆಯ ಹೊತ್ತಿಗೆ ಕುಸಿದುಬಿದ್ದಳು.

“ಅಪ್ಪ ಅಮ್ಮ ಎಷ್ಟು ಚಂದದ ಹೆಸರು ಇಟ್ಟಿದ್ರು. ನನ್ನ ಹಾಳು ನಾಲಿಗೆ ಅದನ್ನ ಅಳಿಸಿಬಿಡ್ತು,” ಎನ್ನುತ್ತಾ ಕಣ್ಣೊರೆಸಿಕೊಳ್ಳುತ್ತಾರೆ. ಅಂದೇ ಟೇಪು ಒಲೆಗೆ ಹೋಯಿತು, ದಾರ ಕೈಗೆ ಬಂತು.

ಪ್ರತಿ ದಾರದಲ್ಲೂ ಎರಡು ಗಂಟು, ಜುಲೈನದೊಂದು, ಪೊಂಗಲ್‌ನದೊಂದು. ಈ ಜನವರಿಯಲ್ಲಿ ಪಾವಾಯಕ್ಕ ಆ ದಾರಗಳ ಕಟ್ಟನ್ನು ಮಡಿಲಲ್ಲಿ ಕಟ್ಟಿಕೊಂಡು ಸೀದಾ ಶಾಲೆಯ ಒಡೆಯರಾದ ಕರೆಸ್ಪಾಂಡೆಂಟರ ಕೋಣೆಗೆ ನಡೆದರು.

“ಇದೇನಮ್ಮಾ ಪಾವಾಯಿ, ಮಂತ್ರಿಸಿದ ದಾರವಾ?”

“ಅಲ್ಲ ಅಯ್ಯಾ. ಈ ಎರಡು ಗಂಟಿನ ನಡುವೆ ಇದೆಯಲ್ಲ, ಅದು ನೀವು ಕಿತ್ಕೊಂಡ ಆಟದ ಪೀರಿಯಡ್ಡು.”

ಅಯ್ಯನವರ ಮುಖ ಕೆಂಪಾಯಿತು. “ಮಕ್ಕಳನ್ನ ಸೇರಿಸೋಕೆ ಬರೋರು ಮಾರ್ಕು ಕೇಳ್ತಾರಮ್ಮ, ಸೊಂಟ ಕೇಳಲ್ಲ. ನಿನ್ನ ಹೊಲಿಗೆ ನೀನು ನೋಡ್ಕೊ.” ಹಾಗಂದರೂ ಕೈ ಒಂದು ದಾರವನ್ನು ಕಟ್ಟಿನಿಂದ ಎಳೆದುಕೊಂಡಿತು. ಅದರ ಚೀಟಿಯಲ್ಲಿದ್ದುದು ಅವರ ಮೊಮ್ಮಗಳ ಹೆಸರು.

ಜಗಲಿ ಕೈತಪ್ಪಿತೆಂದೇ ಪಾವಾಯಕ್ಕ ಹತ್ತು ದಿನ ನಿದ್ದೆಗೆಟ್ಟರು. ಹನ್ನೊಂದನೇ ದಿನ ಮೈದಾನದ ಬೀಗ ತೆರೆಯಿತು. ಸಂಜೆ ಅರ್ಧ ಗಂಟೆ, ಅದೂ ಹನ್ನೊಂದನೇ ಕ್ಲಾಸಿಗೆ ಮಾತ್ರ. ಪರೀಕ್ಷೆ ಬಂದರೆ ಮತ್ತೆ ಬೀಗ ಬೀಳಲೂಬಹುದು. ಯಾರ ಗಂಟೂ ಇನ್ನೂ ಹಿಂದೆ ಸರಿದಿಲ್ಲ.

ಇವತ್ತು ಸಾಲಿನ ಕೊನೆಯಲ್ಲಿ ಇಲಕ್ಕಿಯಾ ನಿಂತಿದ್ದಾಳೆ, ಬಟ್ಟೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು.

“ಕೊಡು ಕಣ್ಣು. ಸಡಿಲ ಮಾಡಬೇಕಾ?”

“ಇಲ್ಲಕ್ಕಾ. ಹರಿದಿದೆ... ನಿನ್ನೆ ಖೋ ಖೋ ಆಡುವಾಗ ಬಿದ್ದೆ. ಬೈಬೇಡಿ.”

ಚೂಡಿದಾರದ ಪ್ಯಾಂಟು ಮಂಡಿಯ ಹತ್ತಿರ ಅಂಗೈಯಗಲ ಕಿತ್ತಿದೆ, ಅಂಚಿಗೆ ಕೆಂಪು ಮಣ್ಣು ಮೆತ್ತಿದೆ. ಪಾವಾಯಕ್ಕ ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡುತ್ತಾರೆ. ಈ ಹದಿನಾಲ್ಕು ವರ್ಷದಲ್ಲಿ ಮಂಡಿ ಹರಿದ ಬಟ್ಟೆ ಈ ಜಗಲಿಗೆ ಬಂದದ್ದು ಇದೇ ಮೊದಲು.

“ಬೈಯದೆ ಮುದ್ದು ಮಾಡ್ತಾರಾ? ಒಳ್ಳೆ ಬಟ್ಟೆ ಹೆಂಗೆ ಮಾಡ್ಕೊಂಡಿದೀಯ ನೋಡು!” ಎಂದು ಗದರುತ್ತಾ ಮಣ್ಣನ್ನು ಮೆಲ್ಲಗೆ ಕೊಡವುತ್ತಾರೆ. “ಹೋಗು, ಇನ್ನೊಂದು ಮಂಡಿನೂ ಹರ್ಕೊಂಡು ಬಾ ಇಲಕ್ಕಿಯಾ. ತೇಪೆ ಹಾಕೋಕೆ ನಾನಿದ್ದೀನಿ.”