ಹೂ ಕೊಡದ ಮಧ್ಯಾಹ್ನ

ನಮ್ಮ ಮನೆಯ ಫ್ರಿಜ್ಜಿನಲ್ಲಿ, ಹಾಲಿನ ಪಕ್ಕ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಮೊಳ ಹೂ ಸದಾ ಇರುತ್ತದೆ. ಯಾವಾಗ ಏನು ಕೇಳಬೇಕಾದೀತೋ ಯಾರಿಗೆ ಗೊತ್ತು. ಮಳವಳ್ಳಿ ಸೀಮೆಯ ನಮ್ಮೂರಿನಲ್ಲಿ ಹೆಣ್ಣು ಕೊಡುವುದಿರಲಿ, ಬೋರು ಕೊರೆಸುವುದಿರಲಿ, ಮೊದಲು ಅಮ್ಮನ ಗುಡಿಯಲ್ಲಿ ಹೂ ಕೇಳುತ್ತೇವೆ. ಒದ್ದೆ ಹೂವನ್ನು ಅವಳ ಮೈಗೆ ಅಂಟಿಸಿ ಕಾಯುವುದು: ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಹಾಗೆ ಬಲಕ್ಕೆ ಬಿದ್ದವುಗಳನ್ನು ಬೆರಳು ಮಡಚಿ ಎಣಿಸಿಕೊಂಡೇ ನಾನು ಬದುಕಿದವಳು.

ಅವಳದು ಆಳೆತ್ತರದ ವಿಗ್ರಹವೇನಲ್ಲ. ಹಿಂದೆಂದೋ ಕಾವೇರಿ ಉಕ್ಕಿ ಇಳಿದಾಗ ಗದ್ದೆಯ ಕೆಸರಿನಲ್ಲಿ ಉಳಿದ ಕರಿಗಲ್ಲು. ಹರಿದು ಬಂದವಳು, ಒಂದೆಡೆ ಕೂರುವವಳಲ್ಲ ಎಂಬುದು ಹಿರಿಯರ ನಂಬಿಕೆ. ಅವಳು ಹೊರಗೆ ಹೋಗಿದ್ದಾಳೆಂದು ಕಂಡರೆ ಮರಳುವವರೆಗೆ ಪೂಜಾರಿ ದೀಪ ಹಚ್ಚುವುದಿಲ್ಲ, ಎಡೆ ಇಡುವುದಿಲ್ಲ, ಬಾಗಿಲನ್ನೂ ಹಾಕುವುದಿಲ್ಲ. ಮದುವೆಯಾಗಿ ಬಂದ ಮೇಲೆ ಅಂಥದ್ದನ್ನು ನಾನು ಕಂಡಿರಲಿಲ್ಲ.

ಹೋದ ವರ್ಷ ತುಂಬು ಬಸುರಿ ಮಗಳು, ಬೆಳಗ್ಗೆಯಿಂದ ಮಗು ಮಿಸುಕಾಡಿಲ್ಲವೆಂದಳು. ನಾನೋ, ಮಂಡ್ಯದ ಆಸ್ಪತ್ರೆಗೆ ಕರೆದೊಯ್ಯಲೋ ಸಂಜೆಯವರೆಗೆ ನೋಡಲೋ ಎಂದು ಕೇಳಲು ಹೂ ಹಿಡಿದು ಗುಡಿಗೆ ಹೋದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮಟಮಟ ಮಧ್ಯಾಹ್ನ. ಸುತ್ತಲಿನ ಕಬ್ಬಿನಲ್ಲಿ ಒಂದು ಗರಿಯೂ ಅಲುಗುತ್ತಿರಲಿಲ್ಲ. ಪೂಜಾರಿ ಸಿದ್ದಪ್ಪನವರು ಹೂ ಅಂಟಿಸಿದರು. ನೀರು ಆರಿದ ಮೇಲೆ ಹೂ ಉದುರಲೇಬೇಕಲ್ಲವೇ? ಒಣಗಿ ಮುದುರಿತು, ಬೀಳಲಿಲ್ಲ. ಎಣ್ಣೆ ತುಂಬಿದ್ದ ದೀಪ ಗಾಳಿಯಿಲ್ಲದೆಯೂ ಆರಿಹೋಯಿತು. ಕಲ್ಲಿನ ಮುಖ, ಹೇಗೆ ಹೇಳಲಿ, ಜನ ಬಿಟ್ಟು ಹೋದ ಮನೆಯ ಕಿಟಕಿಯಂತಿತ್ತು.

ಸಿದ್ದಪ್ಪನವರು ಹೂವನ್ನು ತಾವೇ ಬಿಡಿಸಿ ನನ್ನ ಕೈಗಿಟ್ಟರು.

"ಯಾರ್‌ನ ಕೇಳ್ತಾ ಕುಂತಿದ್ದೀಯವ್ವ? ಒಳ್ಗೆ ಯಾರೂ ಇಲ್ಲ. ನಿನ್ ಮಗಳ್ ತಾವ್ಕೆ ಆಗ್ಲೇ ಓಗವ್ಳೆ. ಇಂದೆ ಬಿದ್ದಿರೋಳು ನೀನೇಯ, ಏಳು."

ಮಗಳನ್ನು ಕಾರಿಗೆ ಹತ್ತಿಸಿ ಮಂಡ್ಯ ಮುಟ್ಟಿದೆವು. ತಡ ಮಾಡಿದ್ದಕ್ಕೆ ಡಾಕ್ಟರಮ್ಮ ನನ್ನನ್ನು ಬೈದುಕೊಂಡೇ ಆಪರೇಷನ್ನಿಗೆ ಹೋದರು. ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತು. ನೀಲಿಗಟ್ಟಿದ ಕೂಸು ಬಹಳ ಹೊತ್ತಿನ ಮೇಲೆ ಅತ್ತಿತು.

ಪುರುಡಿನ ಸೂತಕದ ಹನ್ನೊಂದು ದಿನವೂ ಗುಡಿಯ ಬಾಗಿಲು ತೆರೆದೇ ಇತ್ತಂತೆ, ದೀಪವಿಲ್ಲದೆ. ಊರವರು ಗೊಣಗಿದರೂ ಸಿದ್ದಪ್ಪನವರು ಕೇಳಲಿಲ್ಲವಂತೆ.

ಹನ್ನೆರಡನೆಯ ದಿನ ಹಣ್ಣುಕಾಯಿ ಹಿಡಿದು ನಾನೊಬ್ಬಳೇ ಹೋದೆ. ಜಗುಲಿಯ ಮೇಲಿದ್ದ ಸಿದ್ದಪ್ಪನವರು ನನ್ನ ಭುಜದಾಚೆ ನೋಡಿ, ಎದ್ದು, ಕೈಮುಗಿದರು. ಇಬ್ಬರು ದಾಟುವಷ್ಟು ಜಾಗ ಬಿಟ್ಟು ಹೊಸ್ತಿಲಿನಿಂದ ಸರಿದರು.

ನಾನು ಹಿಂತಿರುಗಿ ನೋಡಲಿಲ್ಲ. ಅವಳು ಮೊದಲು ಹೋಗಲೆಂದು ಪಕ್ಕಕ್ಕೆ ಸರಿದು ನಿಂತೆ.